ಗಂಟಿನಲ್ಲಿಟ್ಟ ಸಾಲುಗಳು

ಬರವಣಿಗೆಯ ಹವ್ಯಾಸವುಳ್ಳ ಮನೆಗಳಲ್ಲಿ ಒಂದು ಗಂಟು ಇದ್ದೇ ಇರುತ್ತದೆ. ಲಗ್ನಪತ್ರಿಕೆಯ ಬೆನ್ನು, ಹಾಲಿನ ಲೆಕ್ಕದ ಚೀಟಿ, ಹಳೆಯ ದಿನದರ್ಶಿಕೆಯ ಹಾಳೆ ಇವುಗಳ ಮೇಲೆ ಗೀಚಿದ ನಾಲ್ಕಾರು ಮಾತುಗಳು ಎಂದಾದರೊಂದು ದಿನ ಕಥೆಯೋ ಕವಿತೆಯೋ ಆದಾವೆಂಬ ಆಸೆಯಿಂದ ಅದರಲ್ಲಿ ಉಳಿದುಕೊಂಡಿರುತ್ತವೆ. ಅವನ್ನು ಕಾಯ್ದಿಡುವ ಬಗೆಯನ್ನು ಕುರಿತು ನಮ್ಮ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸುವಂತಿಲ್ಲ. ಕಡತ ಹಾಗಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿಡುತ್ತಿದ್ದ ಕಪ್ಪು ಪುಸ್ತಕವದು. ಬಳಪದಿಂದ ಬರೆಯಬಹುದು, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಇಂದು ಕಚೇರಿಗಳಲ್ಲಿ ಫೈಲಿಗೆ ಕಡತವೆನ್ನುತ್ತಾರೆ. ಮುಗಿಯದ ಕೆಲಸ ಅಲ್ಲಿಯೂ ಮಡಿಚಿಟ್ಟೇ ಇರುವುದರಿಂದ ಆ ಹೆಸರು ಒಪ್ಪುವಂತಹುದೇ!

ನಮ್ಮ ಸೋದರತ್ತೆಯವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. 1996ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅವರ ಟ್ರಂಕಿನಲ್ಲಿ, ಇಳಕಲ್ ಸೀರೆಗಳ ಕೆಳಗೆ, ಒಂದು ದಪ್ಪ ನೋಟುಪುಸ್ತಕ ದೊರೆಯಿತು. ಅದರ ಒಂದು ಪುಟದಲ್ಲಿ “ತವರಿನ ಬಾವಿ. ಮಧ್ಯಾಹ್ನ. ಆಕಿ ಹೇಳಲಿಲ್ಲ” ಎಂದಿಷ್ಟೇ ಇದೆ. ಯಾವ ಬಾವಿ, ಯಾರು ಆಕೆ, ಏನನ್ನು ಹೇಳಲಿಲ್ಲ ಎಂಬುದನ್ನು ತಿಳಿಸಬಲ್ಲವರು ಇಂದು ಯಾರೂ ಇಲ್ಲ. ಕಥೆಯೊಂದು ಅಲ್ಲಿಗೇ ಮುಗಿದುಹೋಯಿತು.

ಇನ್ನೊಂದು ಪುಟದ ಬಗೆಯೇ ಬೇರೆ. ಸಾಲಿ ಬಿಡಿಸಿದ ಹುಡುಗಿ ರೊಟ್ಟಿ ಬಡಿಯುತ್ತ ತಮ್ಮನ ಪಾಠ ಕೇಳಿಸಿಕೊಳ್ಳುತ್ತಾಳೆ. ತಮ್ಮನಿಗೆ ಬಾರದ ಲೆಕ್ಕ ಆಕೆಗೆ ಬರುತ್ತದೆ. ಹೇಳಿಕೊಡಬೇಕೋ ಸುಮ್ಮನಿರಬೇಕೋ ಎಂಬುದೇ ಕಥೆ. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬಂದ ರಾತ್ರಿ ಹೊಳೆದದ್ದು, ಬಿಡುವಾದಾಗ ಬೆಳೆಸಬೇಕು ಎಂದು ಕೆಳಗೆ ಬರೆದಿದ್ದಾರೆ. ಆ ಬಿಡುವು ಅವರಿಗೆ ದೊರೆಯಲೇ ಇಲ್ಲ. ಅವರ ತಮ್ಮನೆಂದರೆ ನಮ್ಮ ತಂದೆಯವರು.

ಈ ಎರಡು ಪುಟಗಳನ್ನು ಕಂಡಂದಿನಿಂದ ನಾವು ಬರಿಯ ಪದವೊಂದನ್ನು ಬರೆದಿಡುವ ರೂಢಿಯನ್ನು ಬಿಟ್ಟೆವು. ಹೊಳೆದ ಭಾವದೊಡನೆ ಎಂದು, ಎಲ್ಲಿ, ಯಾರ ಮಾತಿನಿಂದ ಹೊಳೆಯಿತು, ಅದರಲ್ಲಿ ಬಿಡಿಸಲಾಗದ ತೊಡಕು ಯಾವುದು ಎಂಬುದನ್ನೂ ಸೇರಿಸುತ್ತೇವೆ. ತೊಡಕು ಬಹಳ ಮುಖ್ಯ. ಹತ್ತು ವರ್ಷಗಳ ಮೇಲೆ ಮನಸ್ಸು ಮತ್ತೆ ಒಳಹೊಗುವುದು ಆ ಬಾಗಿಲಿನಿಂದಲೇ. ಲಿಂಗಪೂಜೆಯ ಹೊತ್ತಿನಲ್ಲಿ ಹೊಳೆದುದಕ್ಕೆ ಮಾತ್ರ ನಾವು ಎದ್ದು ಲೇಖನಿ ಹಿಡಿಯುವುದಿಲ್ಲ. ಪೂಜೆ ಮುಗಿದ ಮೇಲೂ ಉಳಿದಿದ್ದರೆ ಬರೆಯುವುದು, ಮರೆತರೆ ಹೋಗಲಿ ಎನ್ನುವುದು. ಮಕ್ಕಳು ಮೊಬೈಲಿನಲ್ಲಿ ಹೇಳಿಟ್ಟುಕೊಳ್ಳುತ್ತಾರೆ. ಸುಲಭವೇನೋ ಹೌದು, ಆದರೆ ಹೊಸ ಮೊಬೈಲು ಬಂದಾಗ ಹಳೆಯ ಮಾತುಗಳು ಎಲ್ಲಿ ಹೋದವೆಂದು ಮನೆಯೆಲ್ಲ ಹುಡುಕಾಡುವುದನ್ನು ನೋಡಿದ್ದೇವೆ.

ಅತ್ತೆಯವರ ಕಥೆಯನ್ನು ನಾವು ಬೆಳೆಸಬಹುದೆ, ಬೆಳೆಸಿದರೆ ಅದು ಯಾರದು ಎಂಬ ಪ್ರಶ್ನೆ ಬಹುಕಾಲ ಬಾಧಿಸಿತು. ಆಗ ನೆನಪಾದುದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದಲ್ಲಿ ಶರಣರ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿ, ನಡುವೆ ತಮ್ಮ ಗದ್ಯವನ್ನು ಸೇರಿಸಿದರು. ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ವಚನಗಳು ಅಪೂರ್ಣವಾಗಿದ್ದವೆಂದು ನಮ್ಮ ಅಭಿಪ್ರಾಯವಲ್ಲ. ಜೋಡಣೆ ನಾಲ್ಕು ಕೈ ಬದಲಾದರೂ ಶರಣರ ವಚನಗಳು ಅವರವರ ಅಂಕಿತದಲ್ಲಿಯೇ ಉಳಿದವೆಂಬುದೇ ನಮಗೆ ಮುಖ್ಯವಾಗಿ ಕಂಡಿತು. ಡಾ. ಫ. ಗು. ಹಳಕಟ್ಟಿಯವರು ತಾಡೋಲೆಯ ಕಟ್ಟುಗಳನ್ನು ಹುಡುಕಿ, ಪ್ರತಿಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ ಯಾವ ವಚನ ಯಾರದೆಂದು ಗುರುತಿಸಲು ಅವರಿಗೆ ಒದಗಿದ್ದೂ ಆ ಅಂಕಿತವೇ.

ಹೀಗೆ ಧೈರ್ಯ ತಂದುಕೊಂಡು, ಅತ್ತೆಯವರ ಹೆಸರನ್ನು ಮೇಲೆ ಬರೆದು, ಅವರ ಸಾಲುಗಳನ್ನು ಇದ್ದಂತೆಯೇ ಇರಿಸಿ ಮುಂದುವರಿಸತೊಡಗಿದೆವು. ಮೂರನೆಯ ಪುಟಕ್ಕೆ ಕಥೆ ನಿಂತಿತು. ಹುಡುಗಿ ಏನು ಮಾಡಿದಳು? ಕಳೆದ ದೀಪಾವಳಿಯಲ್ಲಿ ಆ ಪುಟವನ್ನು ತಂದೆಯವರಿಗೆ ಓದಿ ಹೇಳಿದೆವು. ಎಂಬತ್ತು ದಾಟಿದ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಅದು ಬಡ್ಡಿಯ ಲೆಕ್ಕವೆಂದರು. ಅಕ್ಕ ಬಾಯಿಬಿಟ್ಟು ಏನೂ ಹೇಳದೆ, ಕೊಣಮಿಗೆಯ ಹಿಟ್ಟಿನ ಮೇಲೆ ಬೆರಳಿನಿಂದ ಉತ್ತರ ಬರೆದು, ಅವ್ವ ಬರುವಷ್ಟರಲ್ಲಿ ಅಳಿಸಿದಳಂತೆ. ಅದನ್ನು ಅತ್ತೆಯವರ ಸಾಲುಗಳ ಕೆಳಗೆ, ಬೇರೆ ಮಸಿಯಲ್ಲಿ, ತಂದೆಯವರ ಹೆಸರಿನೊಡನೆ ತಾರೀಖು ಹಾಕಿ ಬರೆದಿಟ್ಟಿದ್ದೇವೆ. ನಾಲ್ಕನೆಯ ಪುಟ ಇನ್ನು ಬರೆಯಬೇಕಾಗಿದೆ.