ಹದ ಬರದ ನೆಲ

ಕಳೆದ ಸೆಪ್ಟೆಂಬರಿನ ಒಂದು ಬೆಳಗು, ಬಿಸಿಲೇರುವ ಮೊದಲೇ ಅಮೆರಿಕದ ಯೆಲ್ಲೋಸ್ಟೋನಿನಲ್ಲಿ ನಾರಿಸ್ ಬಯಲಿನ ಹಲಗೆ ಹಾದಿ ಹತ್ತಿದೆ. ಹಲಗೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಕೆಳಗೆ ನೆಲ ಕೊತಕೊತ ಕುದಿಯುತ್ತಿತ್ತು. ಪಾದಕ್ಕೆ ಚಳಿ, ಮುಖಕ್ಕೆ ಬಿಸಿ ಉಗಿ, ಮೂಗಿಗೆ ಗಂಧಕದ ವಾಸನೆ. ಮಗಳ ಮನೆಗೆ ಹೋದಾಗಲೆಲ್ಲ ನಾನು ಹಟ ಹಿಡಿದು ಹೋಗುವುದು ಈ ಸುಖಕ್ಕೇ.

‘ಹಲಗಿ ಮ್ಯಾಲೆ ಅಡ್ಡಾಡೂದರಾಗ ಏನೈತಿ?’ ಎಂದು ನಮ್ಮೂರು ಜಕ್ಕಲಿಯಲ್ಲಿ ಕೇಳುತ್ತಾರೆ. ನನಗದು ಬದುವಿನ ಮೇಲಿನ ನಡಿಗೆಯೇ. ನಮ್ಮದು ಎರೆನೆಲ. ಮಳೆ ನಿಂತ ಮರುದಿನ ಹೊಲಕ್ಕಿಳಿದರೆ ಕಾಲು ಎತ್ತಲಾಗದಷ್ಟು ಮಣ್ಣು ಮೆತ್ತುತ್ತದೆ. ತುಳಿದ ಜಾಗ ಒಣಗಿ ಹೆಂಟೆಯಾಗುತ್ತದೆ. ಅಪ್ಪ ಬದುವಿನ ಮೇಲೆ ನಿಂತೇ ‘ಹದಾ ಬಂದಿಲ್ಲ, ಇಳಿಬ್ಯಾಡ’ ಅನ್ನುತ್ತಿದ್ದ. ನಾರಿಸ್‌ನದು ಎಂದೂ ಹದ ಬರದ ನೆಲ. ಮೇಲೆ ತೆಳ್ಳನೆಯ ಹಕ್ಕಳೆ, ಅಡಿಯಲ್ಲಿ ಕುದಿನೀರು. 2016ರಲ್ಲಿ ಹಲಗೆ ಬಿಟ್ಟು ಇಳಿದ ಒಬ್ಬ ತರುಣ ಇಲ್ಲಿಯೇ ಬಿಸಿಕೊಳಕ್ಕೆ ಬಿದ್ದು ಸತ್ತ.

ಈ ನಡಿಗೆಗೊಂದು ಕ್ರಮವುಂಟು. ಉಗಿ ನೋಡಬೇಕಾದರೆ ಚಳಿ ಇರುವಾಗಲೇ ಹೋಗಬೇಕು. ಬಣ್ಣ ನೋಡಬೇಕಾದರೆ ನೆತ್ತಿಯ ಬಿಸಿಲಿಗೆ. ಕೊಳದೆದುರು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಆಗ ಉಗಿ ಅತ್ತ ಸರಿದು ನೀರಿನ ತಳ ಕಾಣುತ್ತದೆ. ಕಣದಲ್ಲಿ ಜೋಳ ತೂರಿದವರಿಗೆ ಇದನ್ನು ಕಲಿಸಬೇಕಿಲ್ಲ. ಬೆಳಿಗ್ಗೆ ಹೋದ ಹಾದಿಯನ್ನೇ ಮಧ್ಯಾಹ್ನ ತಿರುವುಮುರುವಾಗಿ ನಡೆಯಬೇಕು. ಬೆನ್ನ ಹಿಂದೆ ಉಳಿದಿದ್ದ ಗುಳ್ಳೆಗಳೆಲ್ಲ ಆಗ ಎದುರಾಗುತ್ತವೆ. ನಡುಹಗಲಿಗೆ ಬಂದು, ಒಂದು ಸುತ್ತು ಹಾಕಿ, ಫೋನಿನಲ್ಲಿ ಪಟ ಹಿಡಿದು, ‘ಎಲ್ಲಾ ನೋಡಿದೆವು’ ಎಂದು ಕಾರು ಹತ್ತುವವರನ್ನು ಕಂಡರೆ ನನಗೆ ಸಂಕಟ. ಬುತ್ತಿ ಬಿಚ್ಚಿ ವಾಸನೆ ನೋಡಿ ಮತ್ತೆ ಕಟ್ಟಿದ ಹಾಗೆ.

ಸಂಕಟ ಸಿಟ್ಟಾದದ್ದು ಅದೇ ಯೆಲ್ಲೋಸ್ಟೋನಿನ ಮಾರ್ನಿಂಗ್ ಗ್ಲೋರಿ ಕೊಳದ ಬಳಿ. ಕನ್ನಡ ಮಾತಾಡುತ್ತಿದ್ದ ಒಬ್ಬರು ಮಗುವನ್ನು ಎತ್ತಿ ಹಿಡಿದು, ‘ಗಂಗವ್ವಗ ಹಾಕು’ ಎಂದು ಕೈಗೆ ನಾಣ್ಯ ಕೊಟ್ಟರು. ತುಂಗಭದ್ರೆಯ ಸೇತುವೆಯ ಮೇಲೆ ನಾನೂ ಹಾಕಿದ್ದೇನೆ. ಆ ಭಕ್ತಿ ನನಗೆ ಗೊತ್ತು. ಆದರೆ ಹೊಳೆ ಹರಿದುಹೋಗುತ್ತದೆ, ಬುಗ್ಗೆಗೆ ಇರುವುದು ಒಂದೇ ಗಂಟಲು. ಜನ ಎಸೆದ ನಾಣ್ಯ, ಕಲ್ಲು, ಕಸವೆಲ್ಲ ಆ ಗಂಟಲಲ್ಲಿ ಸಿಕ್ಕಿ ಬಿಸಿ ತಗ್ಗಿತು. ಅಂಚಿನಲ್ಲಿದ್ದ ಸೂಕ್ಷ್ಮಜೀವಿಗಳು ಒಳಕ್ಕೆ ಸರಿದು, ನೀಲಿಯಾಗಿದ್ದ ಕೊಳ ಹಳದಿ, ಕಿತ್ತಳೆಗೆ ತಿರುಗಿತು. ನಾನು ಮಗುವಿನ ಕೈ ಹಿಡಿದೆ. ಅದರ ಅಪ್ಪನಿಗೆ ಕೋಪ ಬಂತು. ಬರಲಿ.

ಆ ಜೀವಿಗಳೇನು ಸಣ್ಣವೇ? 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಇಲ್ಲಿಯ ಮಶ್ರೂಮ್ ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ಸಂಗ್ರಹಿಸಿದರು. ಬಿಸಿಗೆ ಕೆಡದ ಅದರ ಕಿಣ್ವದಿಂದಲೇ ಪಿಸಿಆರ್ ಪರೀಕ್ಷೆ ಕೈಗೆಟುಕಿತು. ಕೋವಿಡ್ ಕಾಲದಲ್ಲಿ ನಮ್ಮೂರಿನವರ ಮೂಗಿಗೆ ಕಡ್ಡಿ ಹಾಕಿ ತೆಗೆದ ಮಾದರಿಗೂ ಈ ಕುದಿನೀರಿಗೂ ನಂಟಿದೆ. ಅದನ್ನು ತಿಳಿದ ಮೇಲೆ ಕೊಳದಂಚಿನ ಕಂದು ಲೋಳೆಯನ್ನೂ ನಾನು ಕೈಮುಗಿದೇ ನೋಡುತ್ತೇನೆ.

ನಮ್ಮ ನಾಡಿನಲ್ಲೂ ಬಿಸಿನೀರಿನ ಬುಗ್ಗೆಯಿದೆ. ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥ; ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿ ಹಲಗೆ ಬೇಡ. ನೀರು ಸ್ನಾನದ ಬೆಚ್ಚಗೆ, ಚರ್ಮರೋಗ ವಾಸಿಯಾಗಲೆಂದು ಜನ ಮೀಯುತ್ತಾರೆ. ಒಂದು ಬುಗ್ಗೆ ಇಳಿ ಅನ್ನುತ್ತದೆ, ಇನ್ನೊಂದು ದೂರ ನಿಲ್ಲು ಅನ್ನುತ್ತದೆ. ಎರಡನ್ನೂ ಕೇಳಬೇಕು. ಕೆಲವೊಮ್ಮೆ ಹಲಗೆಯೂ ಸಾಲದು. 2024ರ ಜುಲೈ 23ರಂದು ಯೆಲ್ಲೋಸ್ಟೋನಿನ ಬಿಸ್ಕಿಟ್ ಬೇಸಿನ್ನಿನ ಬ್ಲ್ಯಾಕ್ ಡೈಮಂಡ್ ಕೊಳ ಸಿಡಿದು ಹಲಗೆ ಹಾದಿಯನ್ನು ಮುರಿದು ಹಾಕಿತು. ಅಲ್ಲಿದ್ದವರು ಓಡಿ ಉಳಿದರು.

ಊರಿಗೆ ಮರಳಿದಾಗ ಹಿಂಗಾರಿ ಬಿತ್ತನೆಯ ಹೊತ್ತು, ಹಿಂದಿನ ರಾತ್ರಿ ಮಳೆ. ಬದುವಿನ ಮೇಲೆ ಕುಳಿತು ಒಂದು ಹಿಡಿ ಎರೆ ಹಿಚುಕಿದೆ. ಉಂಡೆ ಒಡೆಯಲಿಲ್ಲ, ಅಂಗೈಗೆ ಅಂಟಿತು. ಬೀಜದ ಚೀಲ ಹೊತ್ತು ಬಂದವನಿಗೆ ಹೇಳಿದೆ: ‘ಇನ್ನೆರಡು ದಿನ ತಡಿ.’