ಮಣ್ಣಿನ ಮೈದಡವುವ ಕಾಯಕ

ಭೂಮಿಯನ್ನು ತಾಯಿಯೆಂದು ಕರೆಯುವುದು ನಮ್ಮ ನಾಡಿನಲ್ಲಿ ಬಹು ಸುಲಭವಾದ ಮಾತು. ಬಿತ್ತುವಾಗ ಕೂರಿಗೆಗೆ ಪೂಜೆ ಸಲ್ಲಿಸುತ್ತೇವೆ, ಪೈರು ತುಂಬಿ ನಿಂತಾಗ ಚರಗ ಚೆಲ್ಲುತ್ತೇವೆ. ಆದರೆ ಆ ತಾಯಿಯ ಮೈಮೇಲೆ ಗಾಯವಾದಾಗ ಮದ್ದು ಹಚ್ಚುವವರು ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತೇವೆ. ಉಳುವವನಿಗೆ ತನ್ನ ಹೊಲದ ಚಿಂತೆಯುಂಟು. ಎಲ್ಲರಿಗೂ ಸೇರಿದ ಗೋಮಾಳದ ಚಿಂತೆ ಯಾರಿಗೂ ಇಲ್ಲ.

ನಮ್ಮ ಊರು ಕಪ್ಪತಗುಡ್ಡದ ಸೆರಗಿನಲ್ಲಿದೆ. ಆ ಗುಡ್ಡದ ಔಷಧಿ ಸಸ್ಯಗಳ ಹಿರಿಮೆಯನ್ನೂ, ಅದರ ಉಳಿವಿಗಾಗಿ ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಹೋರಾಟದ ಮುಂಚೂಣಿಯಲ್ಲಿ ನಿಂತುದನ್ನೂ ವಾಚಕರು ಬಲ್ಲರು. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಗುಡ್ಡಕ್ಕೇನೋ ರಕ್ಷಣೆ ದೊರೆಯಿತು. ಆದರೆ ಅದರ ಸೆರಗಿನ ಊರುಗಳ ಬಯಲುಗಳಿಗೆ ಅಂಥ ಕಾವಲಿಲ್ಲ. ನಮ್ಮ ಊರಿನ ಹನ್ನೆರಡು ಎಕರೆ ಗೋಮಾಳದಲ್ಲಿ ರಸ್ತೆಯ ಕೆಲಸಕ್ಕೆಂದು ಗರಸು ಅಗೆದೊಯ್ದರು. ಕೆಲಸ ಮುಗಿಯಿತು, ಯಂತ್ರಗಳು ಹೊರಟುಹೋದವು. ಉಳಿದದ್ದು ಮೇಲ್ಮಣ್ಣು ಕಳೆದುಕೊಂಡ ಕೆಂಪು ನೆಲ, ನಡುನಡುವೆ ಕೊರಕಲು.

ಇಂಥ ನೆಲದಲ್ಲಿ ಹುಲ್ಲು ಏಕೆ ಬೆಳೆಯುವುದಿಲ್ಲ? ಮಳೆ ಕಡಿಮೆಯೆಂದು ಜನ ಹೇಳುತ್ತಾರೆ. ನಮ್ಮ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರು. ಹುಲ್ಲಿಗೂ ಕುರುಚಲು ಗಿಡಕ್ಕೂ ಅಷ್ಟು ಸಾಕು. ಕೊರತೆಯಿರುವುದು ಮಳೆಯಲ್ಲಲ್ಲ, ಮಳೆಯನ್ನು ಬರಮಾಡಿಕೊಳ್ಳುವ ಬಾಗಿಲಿನಲ್ಲಿ. ಹೊದಿಕೆಯಿಲ್ಲದ ನೆಲದ ಮೇಲೆ ಹನಿಗಳು ಬಡಿದಾಗ ಮಣ್ಣಿನ ಹೆಂಟೆ ಒಡೆದು, ನುಣ್ಣನೆಯ ಕಣಗಳು ರಂಧ್ರಗಳಲ್ಲಿ ಕುಳಿತುಬಿಡುತ್ತವೆ. ಬಿಸಿಲು ಬಿದ್ದೊಡನೆ ಗಾಯದ ಮೇಲಿನ ಹಕ್ಕಳೆಯಂತೆ ಮೇಲ್ಪದರ ಬಿಗಿಯುತ್ತದೆ. ಮುಂದಿನ ಮಳೆಯ ನೀರು ಅದರ ಮೇಲೆ ಜಾರಿ ಹಳ್ಳ ಸೇರುತ್ತದೆ, ಹೋಗುವಾಗ ಅಳಿದುಳಿದ ಮಣ್ಣನ್ನೂ ಬೀಜವನ್ನೂ ಒಯ್ಯುತ್ತದೆ. 25 ಮಿಲಿಮೀಟರು ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಸುಮಾರು ಒಂದು ಲಕ್ಷ ಲೀಟರು ನೀರು ಸುರಿದಂತೆ. ಅಷ್ಟು ನೀರು ಮನೆಬಾಗಿಲಿಗೆ ಬಂದು, ಒಳಗೆ ಕರೆಯುವವರಿಲ್ಲದೆ ಹಿಂದಿರುಗಿತೆಂದರೆ ಬರಗಾಲವನ್ನು ನಾವೇ ಕರೆದಂತಾಯಿತು.

ಆದುದರಿಂದ ಮೊದಲು ಆಗಬೇಕಾದುದು ಗಿಡ ನೆಡುವುದಲ್ಲ, ನೆಲದ ಮೈಯನ್ನು ಸಡಿಲಗೊಳಿಸಿ ನೀರನ್ನು ನಿಲ್ಲಿಸುವುದು. ಆಫ್ರಿಕಾ ಖಂಡದ ಬುರ್ಕಿನಾ ಫಾಸೋ ದೇಶದಲ್ಲಿ ಯಾಕುಬಾ ಸವಾಡೊಗೊ ಎಂಬ ರೈತರೊಬ್ಬರು ಇದನ್ನು ಮಾಡಿ ತೋರಿಸಿದರು. 1980ರ ದಶಕದ ಬರಗಾಲದಲ್ಲಿ ಜನ ಊರು ಬಿಟ್ಟು ಹೋಗುತ್ತಿದ್ದಾಗ ಅವರು ಕಲ್ಲಿನಂತೆ ಬಿಗಿದ ನೆಲದಲ್ಲಿ ಬೇಸಗೆಯಲ್ಲಿಯೇ ಸಣ್ಣ ಗುಣಿಗಳನ್ನು ತೋಡಿ, ಗೊಬ್ಬರ ತುಂಬಿ ಮಳೆಗಾಗಿ ಕಾದರು. ಗೊಬ್ಬರಕ್ಕೆ ಬಂದ ಗೆದ್ದಲು ನೆಲವನ್ನು ಕೊರೆದು ನೀರಿಗೆ ದಾರಿ ಮಾಡಿತು. ಜೋಳ ಬೆಳೆಯಿತು, ಗೊಬ್ಬರದೊಡನೆ ಬಂದ ಕಾಡುಬೀಜಗಳೂ ಮೊಳೆತವು. ಅವನ್ನು ಕೀಳದೆ ಕಾಪಾಡಿದ್ದರಿಂದ ವರ್ಷಗಳು ಕಳೆದಂತೆ ಅಲ್ಲೊಂದು ಅಡವಿಯೇ ಎದ್ದಿತು. 2018ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಪ್ರಶಸ್ತಿ ಸಂದಿತು. 2023ರಲ್ಲಿ ಅವರು ತೀರಿಕೊಂಡರು. ಮೊದಮೊದಲು ಊರವರು ಅವರನ್ನು ಹುಚ್ಚನೆಂದು ಕರೆದಿದ್ದರಂತೆ.

ದೂರದ ಮಾತೇಕೆ, ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆದು, ಬಳಿಕ ನೆಲದ ಪುನಶ್ಚೇತನಕ್ಕೆ ಯೋಜನೆ ಕಡ್ಡಾಯವೆಂದು ವಿಧಿಸಿತು. ಗಣಿತ್ಯಾಜ್ಯದ ದಿಬ್ಬಗಳ ಬುಡಕ್ಕೆ ಕಲ್ಲಿನ ಗೋಡೆ, ಇಳಿಜಾರಿಗೆ ನಾರಿನ ಹೊದಿಕೆ, ಅದರ ಮೇಲೆ ಹುಲ್ಲು—ಕ್ರಮ ಬೇರೆಯಾದರೂ ತತ್ತ್ವ ಒಂದೇ.

2022ರ ಬಸವ ಜಯಂತಿಯ ಮರುದಿನ ನಮ್ಮ ಊರಿನ ಯುವಕರು ಗುದ್ದಲಿ ಹಿಡಿದು ಗೋಮಾಳಕ್ಕೆ ಇಳಿದರು. ಇಳಿಜಾರಿಗೆ ಅಡ್ಡಲಾಗಿ ಅರ್ಧಚಂದ್ರಾಕಾರದ ಗುಣಿಗಳನ್ನು ತೋಡಿ, ಅಗೆದ ಮಣ್ಣನ್ನು ತಗ್ಗಿನ ಬದಿಗೆ ಏರಿಸಿದರು. ಕೊರಕಲುಗಳಿಗೆ ಕಲ್ಲು ಒಟ್ಟಿದರು. ನಡುವಿನ ನೆಲವನ್ನು ಕೆದರಿ, ತಿಪ್ಪೆಗೊಬ್ಬರ ಚೆಲ್ಲಿ, ಅದರ ಮೇಲೆ ಬಳ್ಳಾರಿ ಜಾಲಿಯ ಕಾಯಿಲ್ಲದ ಮುಳ್ಳುಕೊಂಬೆಗಳನ್ನು ಹಾಸಿದರು. ಪರದೇಶದಿಂದ ಬಂದು ನಮ್ಮ ಬಯಲುಗಳನ್ನೆಲ್ಲ ಆಕ್ರಮಿಸಿದ ಆ ಗಿಡ ಹೀಗೊಂದು ಸೇವೆಗೆ ಒದಗಿತು. ಮುಳ್ಳು ಗಾಳಿಯಲ್ಲಿ ಹಾರಿಬರುವ ತರಗೆಲೆಯನ್ನು ಹಿಡಿಯುತ್ತದೆ, ಮೊಳಕೆಗೆ ನೆರಳಾಗುತ್ತದೆ, ದನದ ಬಾಯಿಯನ್ನೂ ತಡೆಯುತ್ತದೆ.

ಬೀಜದ ವಿಷಯದಲ್ಲಿ ಚರ್ಚೆಯಾಯಿತು. ಬೇಗ ಬೆಳೆಯುವ ನೀಲಗಿರಿ ಹಾಕಿದರೆ ಪಂಚಾಯತಿಗೆ ಆದಾಯವೆಂದು ಕೆಲವರು ಹೇಳಿದರು. ನೀಲಗಿರಿಯ ಎಲೆಯನ್ನು ಯಾವ ದನವೂ ಮುಟ್ಟದೆಂಬ ಮಾತಿಗೆ ಆ ಚರ್ಚೆ ನಿಂತಿತು. ಊರಿನ ಸುತ್ತಲಿನ ಬದುಗಳಲ್ಲಿ ತಾವಾಗಿ ಬೆಳೆಯುವ ಹುಲ್ಲಿನ ಬೀಜ, ಕರಿಕೆಯ ಬೇರು, ಹೊನ್ನಾವರಿಕೆ, ಬಂದರಿಕೆ, ಕಾರೆ, ಬಾರಿ, ಬೇವು—ಇವನ್ನೇ ಹಾಕುವುದೆಂದು ನಿಶ್ಚಯವಾಯಿತು. ಹೊನ್ನಾವರಿಕೆಯನ್ನೂ ಬಂದರಿಕೆಯನ್ನೂ ಆಡುಕುರಿಗಳು ಸಾಮಾನ್ಯವಾಗಿ ಮೇಯುವುದಿಲ್ಲ. ಅವುಗಳ ಆಸರೆಯಲ್ಲಿ ಉಳಿದ ಸಸಿಗಳು ಬದುಕುತ್ತವೆ.

ನಿಜವಾದ ಪ್ರಶ್ನೆ ಬಂದುದು ಬಳಿಕ. ಗೋಮಾಳವನ್ನು ಮೂರು ಮಳೆಗಾಲ ಮೇಯಿಸದೆ ಬಿಡಬೇಕೆಂದು ಸಭೆಯಲ್ಲಿ ಹೇಳಿದಾಗ, ನನ್ನ ಶಾಲೆಯಲ್ಲಿ ಹಿಂದೆ ಎರಡು ವರ್ಷ ಓದಿದ್ದ ಒಬ್ಬ ಕುರುಬ ಎದ್ದುನಿಂತ. “ಗಿಡದ ಮ್ಯಾಲ ನನಗೇನೂ ಸಿಟ್ಟಿಲ್ರೀ ಮಾಸ್ತರ. ನೀವು ಮೂರು ಮಳಿ ಕಾಯ್ತೀರಿ. ನನ್ನ ಆಡು ಮೂರು ದಿನ ಕಾಯಂಗಿಲ್ಲ,” ಎಂದ. ಸಭೆ ಸುಮ್ಮನಾಯಿತು. ಹೊಲವಿದ್ದವರಿಗೆ ಗೋಮಾಳ ಒಂದು ಬಯಲು. ಹೊಲವಿಲ್ಲದವನಿಗೆ ಅದೇ ಹೊಲ. ಬಡವನ ಬಾಯಿಯ ತುತ್ತನ್ನು ಕಸಿದುಕೊಂಡು ಬೆಳೆಸಿದ ಹಸುರು ಯಾವ ಧರ್ಮಕ್ಕೂ ಒಪ್ಪುವಂಥದಲ್ಲ.

ಕೊನೆಗೆ ಆರು ಎಕರೆಯನ್ನು ಮಾತ್ರ ಮುಚ್ಚುವುದು, ಉಳಿದುದನ್ನು ಮೇಯಲು ಬಿಡುವುದು, ಮುಚ್ಚಿದ ಭಾಗದಲ್ಲಿ ಬೀಜ ಉದುರಿದ ಬಳಿಕ ಕುಡುಗೋಲಿನಿಂದ ಹುಲ್ಲು ಕೊಯ್ಯುವ ಮೊದಲ ಹಕ್ಕು ಹೊಲವಿಲ್ಲದ ಮನೆಗಳಿಗೆ ಕೊಡುವುದು ಎಂದು ತೀರ್ಮಾನವಾಯಿತು. ವಾರದೊಳಗೆ ಅದೇ ಕುರುಬ ತನ್ನ ದೊಡ್ಡಿಯಿಂದ ಎರಡು ಚೀಲ ಹಿಕ್ಕೆಗೊಬ್ಬರ ಹೊತ್ತು ತಂದ. ಕರಿಜಾಲಿಯ ಕಾಯಿ ತಿಂದ ಆಡುಗಳ ಹೊಟ್ಟೆಯಲ್ಲಿ ಹಾದುಬಂದ ಬೀಜ ಅದರಲ್ಲಿತ್ತು. ಗಟ್ಟಿ ಸಿಪ್ಪೆಯ ಆ ಬೀಜ ಹಾಗೆ ಹಾದುಬಂದರೆ ಚೆನ್ನಾಗಿ ಮೊಳೆಯುತ್ತದೆಂಬುದು ಅವನಿಗೆ ಯಾವ ಪುಸ್ತಕವೂ ಕಲಿಸಿದ ಪಾಠವಲ್ಲ.

ಮೂರು ಮಳೆಗಾಲಗಳು ಕಳೆದವು. ಅಲ್ಲಿ ಅಡವಿ ಎದ್ದಿತೆಂದು ಹೇಳಲಾರೆ. ಅನೇಕ ಗುಣಿಗಳು ಹೂಳು ತುಂಬಿ ಮುಚ್ಚಿಹೋದವು, ಮೇಲ್ದಂಡೆಯ ಕಲ್ಲುನೆಲ ಇನ್ನೂ ಬರಡಾಗಿದೆ. ಆದರೆ ಇಳಿಜಾರಿನ ಕೆಳಭಾಗದಲ್ಲಿ ಮೊಳಕಾಲೆತ್ತರ ಹುಲ್ಲು ನಿಂತಿದೆ, ಹೊನ್ನಾವರಿಕೆ ಹಳದಿ ಹೂ ಬಿಟ್ಟಿದೆ, ಮುಳ್ಳಿನ ಮರೆಯಲ್ಲಿ ಜಾಲಿಯ ಸಸಿಗಳು ತಲೆಯೆತ್ತಿವೆ. ಮಳೆ ನಿಂತ ಬಳಿಕ ಹರಿದುಬರುವ ನೀರಿನ ಕೆಂಪು ಬಣ್ಣ ತಿಳಿಯಾಗಿದೆ. ನೋಡಬಲ್ಲವನಿಗೆ ಇದು ಸಣ್ಣ ಫಲವಲ್ಲ.

ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದು ಕೊಚ್ಚಿಹೋಗಲು ಕೆಲವು ಮಳೆ ಸಾಕು. ಆದುದರಿಂದ ಈ ಕೆಲಸದ ಪೂರ್ಣಫಲವನ್ನು ಮಾಡಿದವರು ಉಣ್ಣುವಂತಿಲ್ಲ. ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನು ಹೇಳಿದುದರ ಅರ್ಥ ನನಗೆ ಇಲ್ಲಿ ಹೆಚ್ಚು ಸ್ಪಷ್ಟವಾಯಿತು. ಬೇಸಾಯವನ್ನೇ ಕಾಯಕವಾಗಿ ನಡೆಸಿದ ಒಕ್ಕಲಿಗ ಮುದ್ದಣ್ಣನವರಂಥ ಶರಣರ ಪರಂಪರೆ ನಮ್ಮದು. ಉಣ್ಣುವವರಾರೆಂದು ಕೇಳದೆ ಬಡಿಸುವುದು ದಾಸೋಹವಾದರೆ, ನೆರಳಿನಲ್ಲಿ ಕೂರುವವರಾರೆಂದು ಕೇಳದೆ ಬಿತ್ತುವುದೂ ದಾಸೋಹವೇ. ಪ್ರತಿಯೊಂದು ಊರಿನಲ್ಲಿಯೂ ಇಂಥದೊಂದು ಗಾಯಗೊಂಡ ಬಯಲು ಇದೆ. ಬರುವ ರೋಹಿಣಿ ಮಳೆಗೆ ಮೊದಲು ಅದರ ಮೈದಡವುವ ಕೈಗಳು ಮುಂದಾಗಲಿ.