ಹೆಸರಿಗೆ ಕಾಯದ ಮಳೆ

ನಮ್ಮ ಅರೇಹಳ್ಳಿಗೂ ದೂರದ ಬಂಗಾಳ ಕೊಲ್ಲಿಗೂ ಎಂಥ ನಂಟು ಎಂದು ನೀವು ಕೇಳಬಹುದು. ಜೂನ್ ತಿಂಗಳಲ್ಲಿ ಪಡುವಣದಿಂದ ಬರುವ ಮಳೆ ನಮಗೆ ನೆಂಟ. ನವೆಂಬರ್ ಕೊನೆಗೆ ಕಾಫಿ ಹಣ್ಣು ಕೊಯ್ದು, ಪಲ್ಪರ್‌ಗೆ ಹಾಕಿ, ತೊಳೆದ ಬೀಜವನ್ನು ಕಣದಲ್ಲಿ ಹರಡಿ ಕೂತಾಗ ಮೂಡಣದಿಂದ ಬರುವ ಮಳೆಯಿದೆಯಲ್ಲ, ಅದು ಮಾತ್ರ ಸಾಲ ವಸೂಲಿಗೆ ಬಂದವನ ಹಾಗೆ.

2024ರ ನವೆಂಬರ್ ಕೊನೆಯ ವಾರ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂತು. ನಮ್ಮವರು ಊಟದ ಹೊತ್ತಿಗೂ ಫೋನಿನಲ್ಲಿ ಉಪಗ್ರಹದ ಚಿತ್ರ ನೋಡುತ್ತಿದ್ದರು. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಅದು ಚಂಡಮಾರುತ, ಹೆಸರಿಡುತ್ತಾರೆ. ಅಷ್ಟಿಲ್ಲದಿದ್ದರೆ ಬರೀ ವಾಯುಭಾರ ಕುಸಿತ. ಸಮುದ್ರದ ನೀರು ಬೆಚ್ಚಗಿದ್ದರೆ ಅದಕ್ಕೆ ಬಲ. ಆದರೆ ಮೇಲುಗಾಳಿ ಜೋರಾಗಿದ್ದರೆ, ಬಯಲಲ್ಲಿ ಕೂತು ಜಡೆ ಹೆಣೆದ ಹಾಗೆ, ಮೋಡಗಳೆಲ್ಲ ಒಂದು ಪಕ್ಕಕ್ಕೆ ಕೆದರಿ ಸುಳಿ ಕಟ್ಟುವುದೇ ಇಲ್ಲ. ಇಷ್ಟು ಪಾಠ ನನಗೂ ಆಯಿತು.

27ಕ್ಕೆ ಚಂಡಮಾರುತವಾಗಬಹುದು ಎಂದಿದ್ದರು, ಆಗಲಿಲ್ಲ. 28ಕ್ಕೆ, ಆಗಲಿಕ್ಕಿಲ್ಲ ಎಂಬ ಮಾತು ಬಂತು. 29ರ ಮಧ್ಯಾಹ್ನ ಆಗಿಯೇ ಹೋಯಿತು, ಫೆಂಗಲ್ ಎಂಬ ಹೆಸರೂ ಬಂತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿ, ಮುಂದೆ ಹೋಗದೆ ಗಂಟೆಗಟ್ಟಲೆ ಅಲ್ಲೇ ನಿಂತಿತು. ಡಿಸೆಂಬರ್ 1ರಂದು ದುರ್ಬಲವಾಯಿತು ಎಂದರು. ನನಗೆ ಎದೆಯ ಭಾರ ಇಳಿದ ಹಾಗಾಯಿತು.

ಮಾರನೆಯ ಬೆಳಿಗ್ಗೆ ನಮ್ಮವರು ಬೇಲೂರಿಗೆ ಹೋಗಿದ್ದರು. ಮಂಕು ಬಿಸಿಲಿತ್ತು. ಟಾರ್ಪಾಲು ತೆಗೆಸಿ ಬೀಜ ಹರಡಿಸಿದೆ. ಜಗಲಿಯಲ್ಲಿದ್ದ ಅತ್ತೆ, "ಬೇಡ ಕಣೇ, ಗಾಳಿ ಮೂಡ್ಲಿಂದ ಬರ್ತಿದೆ" ಎಂದರು.

"ಅದೀಗ ಚಂಡಮಾರುತ ಅಲ್ಲ ಅತ್ತೆ, ಹೆಸರೂ ಹೋಯ್ತು" ಎಂದೆ.

"ನಾಮಕರಣ ಆದ್ಮೇಲೇ ಮಗು ಅಳೋದಾ?"

ನಕ್ಕು ಒಳಗೆ ಹೋದೆ. ಮಧ್ಯಾಹ್ನ ಎಲೆ ತೆಗೆಯುವಷ್ಟರಲ್ಲಿ ಹನಿ ಬಿತ್ತು. ನಾನು, ಇಬ್ಬರು ಆಳುಗಳು, ಎಪ್ಪತ್ತು ದಾಟಿದ ಅತ್ತೆ, ಎಲ್ಲರೂ ಓಡಿ ಬಾಚಿದೆವು. ಅರ್ಧ ಕಣ ಉಳಿಯಿತು, ಅರ್ಧ ನೆನೆಯಿತು. ಮೂರು ದಿನ ಬಿಸಿಲಿಲ್ಲ. ನಡುಮನೆಯಲ್ಲೆಲ್ಲ ಬೀಜ ಹರಡಿ, ಫ್ಯಾನು ಹಾಕಿ, ರಾತ್ರಿ ಎದ್ದು ಎದ್ದು ಕೈಯಾಡಿಸಿದರೂ ಮುಗ್ಗಲು ವಾಸನೆ ಹೋಗಲಿಲ್ಲ. ಆ ಮೂಟೆಗಳಿಗೆ ಬೆಲೆ ಕಡಿಮೆಯೇ ಸಿಕ್ಕಿತು.

ಮುನ್ಸೂಚನೆಯವರದು ತಪ್ಪೆನ್ನಲಾರೆ. ಗಾಳಿ ತಗ್ಗಿದೆ ಎಂದಿದ್ದರು, ತಗ್ಗಿತ್ತು. ನೆಲ ಹತ್ತಿದ ಮೇಲೆ ಬೆಚ್ಚನೆಯ ಸಮುದ್ರದ ಆಸರೆ ತಪ್ಪಿ ಗಾಳಿ ಸೋಲುತ್ತದೆ. ಹೊತ್ತು ತಂದ ನೀರನ್ನು ಮೋಡ ಎಲ್ಲಾದರೂ ಇಳಿಸಲೇಬೇಕಲ್ಲ! ಮೀನುಗಾರನಿಗೆ ಗಾಳಿಯ ಲೆಕ್ಕ, ಕಣದವಳಿಗೆ ನೀರಿನ ಲೆಕ್ಕ. ನಾನು ಅವನ ಲೆಕ್ಕ ಹಿಡಿದು ನನ್ನ ಕಣ ತೆರೆದಿದ್ದೆ.

ಅತ್ತೆ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ನೆನೆದ ಸೆರಗು ಹಿಂಡಿಕೊಳ್ಳುತ್ತಾ, "ಕಾಫಿ ಕಾಸು ಬಾ" ಎಂದರು ಅಷ್ಟೆ. ಈಗಲೂ ಕೊಲ್ಲಿಯ ಸುದ್ದಿ ಬಂದಾಗ ನಮ್ಮವರು ಅದಕ್ಕೆ ಹೆಸರು ಬಂತೇ ಎಂದು ನೋಡುತ್ತಾರೆ. ನಾನು ಮಾತ್ರ ಜಗಲಿಗೆ ಹೋಗಿ, "ಗಾಳಿ ಯಾವ ಕಡೆಯದು ಅತ್ತೆ?" ಎಂದು ಕೇಳುತ್ತೇನೆ.